ಭಾಗಿಸಬೇಕಾದಲ್ಲಿ ಗುಣಿಸಿದವನು

ನನ್ನನ್ನು ನೋಡಲು ಬಂದಿದ್ದ ಆ ಎಂಜಿನಿಯರನ ಮೇಲಿನ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಆರಲಿ ಎಂದು ನಾನು ಬಯಸಿಯೂ ಇಲ್ಲ.

ಆಗ ಬೀದರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಊರಿಗೆ ಬಂದಿದ್ದೆ. ನಮ್ಮದು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ಒಂದಿಷ್ಟು ತೊಗರಿ ಹೊಲ, ಒಂದು ಹಿಂಡು ಕುರಿ. ಹುಡುಗನ ಮನೆಯವರು ಭಾಲ್ಕಿ ಪೇಟೆಯಲ್ಲಿ ಅಂಗಡಿ ಇಟ್ಟವರು. ನಾನು ಚಹಾ ಕೊಟ್ಟು ಕೂತ ಮೇಲೆ ಹುಡುಗನ ತಂದೆ ನಕ್ಕರು.

"ಹುಡುಗಿ ಕರೆಂಟಿನ ಸಾಲಿ ಕಲ್ತಾಳಂತಲ್ಲೋ. ಏನರೆ ಕೇಳಪಾ."

ಹುಡುಗ ಕಾಲ ಮೇಲೆ ಕಾಲು ಹಾಕಿದ. "ಒಂದು ಗೀಜರ್ ಅದ. ಇನ್ನೂರ ಮೂವತ್ತು ವೋಲ್ಟಿಗೆ ಹತ್ತು ಆಂಪಿಯರ್ ಎಳೀತದ. ಅದರ ರೆಸಿಸ್ಟೆನ್ಸ್ ಎಷ್ಟು, ಹೇಳ್ರಿ?"

"ಇಪ್ಪತ್ಮೂರು ಓಮ್ ರಿ," ಎಂದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಮುಗಿಯಿತು.

ಅವನು ತಲೆ ಅಲ್ಲಾಡಿಸಿದ. "ಗಲತ್. ಎರಡು ಸಾವಿರದ ಮುನ್ನೂರು."

"ಅದು ಗುಣಿಸಿದ್ದು ರಿ. ಗುಣಿಸಿದ್ರ ಪವರ್ ಬರ್ತದ, ವ್ಯಾಟಿನ್ಯಾಗ. ರೆಸಿಸ್ಟೆನ್ಸಿಗೆ ಭಾಗಿಸಬೇಕು."

ಕೋಣೆಯಲ್ಲಿ ಎಲ್ಲರೂ ನಗತೊಡಗಿದರು. ಎಂಜಿನಿಯರನಿಗೆ ಡಿಪ್ಲೊಮಾ ಹುಡುಗಿ ಪಾಠ ಹೇಳುತ್ತಾಳೆ ಎಂಬುದೇ ಅವರಿಗೆ ತಮಾಷೆ. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನೆಲ ನೋಡುತ್ತಾ ಅಂದ: "ತಪ್ಪಾತು ಅಂತ ಹೇಳವಾ. ದೊಡ್ಡವರ ಎದುರು ವಾದ ಬ್ಯಾಡ."

ತಪ್ಪಾಯಿತು ಎಂದೆ.

ಸಂಬಂಧ ಮುರಿಯಿತು. ಅದರ ದುಃಖ ನನಗಿರಲಿಲ್ಲ. ಆದರೆ ಹುಡುಗಿ ಕಾಪಿ ಹೊಡೆದು ಪಾಸಾಗಿದ್ದಾಳೆ, ಸಣ್ಣ ಲೆಕ್ಕವೂ ಬರುವುದಿಲ್ಲ ಎಂದು ಅವರು ನೆಂಟರಲ್ಲೆಲ್ಲಾ ಹೇಳಿದರು. ಅವ್ವ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ನಾನು ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಾ ಕೂತಾಗ ನಿದ್ದೆ ಬಂದರೆ ಅವನ "ಗಲತ್" ಎಂಬ ಮಾತು ನೆನೆಯುತ್ತಿದ್ದೆ. ನಿದ್ದೆ ಹಾರಿಹೋಗುತ್ತಿತ್ತು.

ಬೀದರಿನಲ್ಲೇ ಕೆಲಸ ಸಿಕ್ಕಿತು. ಜನ ಸೇರುವ ಹೊಸ ಕಟ್ಟಡಗಳ ವೈರಿಂಗ್ ತಪಾಸಣೆ ಮಾಡಿ ಒಪ್ಪಿಗೆ ಕೊಡುವ ಕೆಲಸ. ಕೆಲವು ವರ್ಷಗಳ ನಂತರ ಔರಾದಿನ ಒಂದು ಕಲ್ಯಾಣ ಮಂಟಪದ ಅರ್ಜಿ ಬಂತು. ವೈರಿಂಗ್ ಮಾಡಿಸಿದ ಗುತ್ತಿಗೆದಾರನ ಹೆಸರು ನೋಡಿದೆ. ಅವನೇ. ಆ ತಪಾಸಣೆ ನನಗಿಂತ ಹಿರಿಯರೊಬ್ಬರಿಗೆ ಹೋಗಬೇಕಿತ್ತು. ನಾನೇ ಕೇಳಿ ಪಡೆದೆ. ಔರಾದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ, ಅಲ್ಲಿ ಏನಾದರೂ ತಪ್ಪು ಇರಲಿ ಎಂದು ಬಸವಣ್ಣನನ್ನು ಬೇಡಿಕೊಂಡೆ. ಎಲ್ಲ ಸರಿಯಿದ್ದರೆ ಅವನ ಕೆಲಸಕ್ಕೆ ಸಹಿ ಹಾಕಿ ಬರಬೇಕಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಅವನು ದಪ್ಪಗಾಗಿದ್ದ. ನನ್ನನ್ನು ಗುರುತಿಸಲಿಲ್ಲ. "ಬರ್ರಿ ಮೇಡಂ, ಮೊದಲ ಚಹಾ ತಗೋರಿ," ಎಂದ.

"ಮೊದಲ ಅಡಿಗಿಮನಿ ತೋರಿಸ್ರಿ."

ಅಡುಗೆಮನೆಯಲ್ಲಿ ನೀರು ಕಾಯಿಸುವ ಎರಡು ದೊಡ್ಡ ಬಾಯ್ಲರುಗಳಿದ್ದವು. ಎರಡನ್ನೂ ಒಟ್ಟಿಗೆ ಚಾಲೂ ಮಾಡಿಸಿದೆ. ಮುಖ್ಯ ಬೋರ್ಡಿನಲ್ಲಿ ಇನ್ನೂರ ಮೂವತ್ತು ವೋಲ್ಟ್ ಇತ್ತು, ಬಾಯ್ಲರ್ ಹತ್ತಿರ ಇನ್ನೂರ ಹದಿನೇಳು. ಹರಿಯುತ್ತಿದ್ದುದು ಇಪ್ಪತ್ತಾರು ಆಂಪಿಯರ್. ಗೋಡೆ ಮುಟ್ಟಿದೆ, ಬೆಚ್ಚಗಿತ್ತು. ನನಗೆ ಬಂದ ಖುಷಿಯನ್ನು ಮುಚ್ಚಿಡುವುದೇ ಕಷ್ಟವಾಯಿತು.

ಮಂಟಪದ ಮಾಲೀಕರನ್ನೂ ಅವರ ಮನೆಯವರನ್ನೂ ಕರೆಸಿದೆ. ಎಲ್ಲರೂ ನಿಂತ ಮೇಲೆ ಅವನಿಗೆ ಹೇಳಿದೆ: "ದಾರ್ಯಾಗ ಹದಿಮೂರು ವೋಲ್ಟ್ ಕಡಿಮಿ ಆಗ್ಯಾವ. ಕರೆಂಟ್ ಇಪ್ಪತ್ತಾರು. ವೈರಿನ ರೆಸಿಸ್ಟೆನ್ಸ್ ಎಷ್ಟು ಆತು, ಹೇಳ್ರಿ."

ಅವನು ಮೊಬೈಲ್ ತೆಗೆದ. ಮತ್ತೆ ಗುಣಿಸಿದ. "ಮುನ್ನೂರ ಮೂವತ್ತೆಂಟು ರಿ."

"ಅದು ಪವರ್. ರೆಸಿಸ್ಟೆನ್ಸ್ ಅರ್ಧ ಓಮ್." ಮಾಲೀಕರ ಕಡೆ ತಿರುಗಿದೆ. "ಲೈಟಿಗೆ ಹಾಕೋ ಸಣ್ಣ ವೈರ್ ಬಾಯ್ಲರಿಗೆ ಹಾಕ್ಯಾರ್ರಿ. ಮುನ್ನೂರ ಮೂವತ್ತೆಂಟು ವ್ಯಾಟ್ ಬಿಸಿ ನಿಮ್ಮ ಗ್ವಾಡಿ ಒಳಗ ಕೂತದ. ಮದುವಿ ದಿನ ಬೆಂಕಿ ಹತ್ತಿದ್ರ ಯಾರು ಹೊಣೆ?"

ಮಾಲೀಕರು ಅವನನ್ನು ನೋಡಿದ ರೀತಿ ನನಗೆ ಹಬ್ಬದೂಟದಂತಿತ್ತು.

"ಸಣ್ಣ ಗಲತಿ ಮೇಡಂ, ಸರಿ ಮಾಡ್ತೇನಿ," ಎಂದು ಅವನು ಹಿಂದೆ ಹಿಂದೆ ಬಂದ.

ನಾನು ನಿಂತೆ. "ನನ್ನ ಗುರುತು ಹತ್ತಲಿಲ್ಲೇನ್ರಿ? ನೀವು ನನ್ನ ನೋಡಾಕ ಬಂದಿದ್ರಿ. ಗೀಜರಿನ ಲೆಕ್ಕ ಕೇಳಿದ್ರಿ."

ಅವನು ನಿಜವಾಗಿಯೂ ಯೋಚಿಸಿದ. "ಭಾಳ ಕಡಿ ಕನ್ಯಾ ನೋಡೀನ್ರಿ. ನೆನಪಿಲ್ರಿ."

ಇಷ್ಟು ವರ್ಷ ನಾನು ಹೊತ್ತದ್ದು ಅವನಲ್ಲಿ ಒಂದು ಸಂಜೆಯಷ್ಟೂ ಉಳಿದಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಒಪ್ಪಿಗೆ ಇಲ್ಲ, ಇಡೀ ಮಂಟಪದ ವೈರಿಂಗ್ ಬಿಚ್ಚಿ ನೋಡಬೇಕು ಎಂದು ಬರೆದೆ. ಬಿಚ್ಚುವ ದಿನ ನಾನು ಹೋಗಬೇಕಾಗಿರಲಿಲ್ಲ, ಹೋದೆ. ಹೊಸ ಗೋಡೆ ಒಡೆಯುವ ಸದ್ದು ಕೇಳುತ್ತಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಉಳಿದ ಕಡೆಯೂ ಅದೇ ಸಣ್ಣ ವೈರು. ಮಾಲೀಕರು ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ಸುದ್ದಿ ಭಾಲ್ಕಿ ಮುಟ್ಟಿತು. ಮುಂದೆ ಊರಿಗೆ ಹೋದಾಗ ಅಪ್ಪ ಕುರಿಗಳಿಗೆ ಮೇವು ಹಾಕುತ್ತಿದ್ದ. ಕೈ ಒರೆಸಿಕೊಂಡು ಹತ್ತಿರ ಬಂದ.

"ಅವತ್ತು ನೀ ಹೇಳಿದ್ದ ಖರೆ ಇತ್ತೇನವಾ?"

"ಅವತ್ತೇ ಕೇಳಬೇಕಿತ್ತಪಾ," ಎಂದೆ.

ಅಪ್ಪ ಇನ್ನೇನೋ ಹೇಳಲು ಬಾಯಿ ತೆರೆದ. ನಾನು ಕಾಯದೆ ಒಳಗೆ ಹೋಗಿ ಅವ್ವನ ಪಕ್ಕದಲ್ಲಿ ಊಟಕ್ಕೆ ಕೂತೆ.