ಎರಡು ಚಕ್ರಕ್ಕೆ ಒಂದೇ ಮೋಟರು

ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ನಾನು ಮದ್ದೂರಿನ ಒಂದು ಶೆಡ್ಡಿನ ಬಾಗಿಲಲ್ಲಿದ್ದೆ. ಹಿಂದಿನ ದಿನದಂತೆ ಅವತ್ತೂ ಮಳವಳ್ಳಿಯಿಂದ ಮೊದಲ ಬಸ್ಸಿಗೇ ಹೊರಟಿದ್ದೆ. ಚೀಲದಲ್ಲಿ ಸ್ಪ್ಯಾನರುಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿದ್ದವು. ಫಿಟ್ಟರ್ ಕೆಲಸದಿಂದ ನಿವೃತ್ತನಾಗಿ ವರ್ಷಗಳಾದರೂ ಇಂಥ ಕರೆ ಬಂದರೆ ನನಗೆ ಹಬ್ಬ.

ಆ ಶೆಡ್ಡಿನಲ್ಲಿ ಕರುಗಳಿಗೆ ಕುಡಿಸುವ ಜಂತುಹುಳದ ಔಷಧವನ್ನು ಸಣ್ಣ ಬಾಟಲಿಗಳಿಗೆ ತುಂಬಬೇಕಿತ್ತು. ಯಂತ್ರ ಹೊಸದು. ಮಧ್ಯಾಹ್ನ ಮೂರಕ್ಕೆ ಔಷಧದ ಕಂಪನಿಯ ಪರೀಕ್ಷಕರು ಬರುವವರಿದ್ದರು. ಎಲ್ಲ ಬಾಟಲಿಯಲ್ಲೂ ಅಳತೆ ಒಂದೇ ಬಂದರೆ ಕೆಲಸ ಶುರು. ಇಲ್ಲವಾದರೆ ಆರ್ಡರು ಬೇರೆಯವರಿಗೆ. ಕೆಲಸಕ್ಕೆ ಸೇರಿದ್ದ ಆರು ಹೆಂಗಸರು ವಾಪಸು ಮನೆಗೆ.

ಪಂಪಿನ ರಚನೆ ಸರಳ. ಮೆತ್ತನೆಯ ಕೊಳವೆ, ಅದನ್ನು ಅದುಮುತ್ತ ಸುತ್ತುವ ಚಕ್ರ, ಚಕ್ರದ ಅಂಚಿಗೆ ಮೂರು ಉರುಳೆ. ಉರುಳೆ ಕೊಳವೆಯ ಮೇಲೆ ಹಾಯ್ದಂತೆ ಔಷಧ ಮುಂದೆ ಸರಿಯುತ್ತದೆ. ಎರಡು ಸಾಲು ಬಾಟಲಿಗೆ ಎರಡು ಚಕ್ರ. ಎರಡನ್ನೂ ತಿರುಗಿಸುವುದು ಒಂದೇ ಮೋಟರು. ಹಿಂದಿನ ದಿನ ಅವುಗಳನ್ನು ಕೂರಿಸಿದವನು ನಾನೇ. ಎಲ್ಲವೂ ಒಂದೇ ಗೆರೆಯಲ್ಲಿರಬೇಕೆಂದು ನನ್ನ ಹಳೆಯ ಫೋರ್‌ಮನ್ನರು ಬೈದು ಕಲಿಸಿದ್ದರು. ಅದರಂತೆ ಎರಡೂ ಚಕ್ರದ ಉರುಳೆಗಳನ್ನು ನೂಲು ಹಿಡಿದು ಎದುರುಬದುರು ನಿಲ್ಲಿಸಿದ್ದೆ.

ಸ್ವಿಚ್ ಒತ್ತಿದರೆ ಮೋಟರು ಗುಂಕ್, ಗುಂಕ್ ಎಂದು ಮುಗ್ಗರಿಸಿತು. ಒಂದು ಬಾಟಲಿಯಲ್ಲಿ ಔಷಧ ಅಳತೆಯ ಗೆರೆಗಿಂತ ಮೇಲೆ, ಮುಂದಿನದರಲ್ಲಿ ಕೆಳಗೆ. ಬೇರಿಂಗ್ ಬಿಚ್ಚಿ ನೋಡಿದೆ, ಎಣ್ಣೆ ಬಿಟ್ಟೆ, ಕರೆಂಟು ಅಳೆದೆ. ಗುಂಕ್ ನಿಲ್ಲಲಿಲ್ಲ. ಗಂಟೆ ಹನ್ನೊಂದಾಯಿತು.

"ಸಾ, ದೊಡ್ಡ ಮೋಟ್ರು ತರ್ಸಿ ಆಕ್ಬುಡಾಣ," ಎಂದ ಶೆಡ್ಡಿನ ಯಜಮಾನ.

"ಮೂರು ಗಂಟೆ ಒಳಗಾ?" ಎಂದೆ. ಅವನು ಫೋನು ಜೇಬಿಗಿಟ್ಟ.

ಬಾಟಲಿ ತೊಳೆಯುತ್ತಿದ್ದ ಬೆಸಗರಹಳ್ಳಿಯ ಹೆಂಗಸೊಬ್ಬಳು ತಲೆ ಎತ್ತಿದಳು. ಈ ಕೆಲಸಕ್ಕೆ ಬರುವ ಮುಂಚೆ ಆಲೆಮನೆಯಲ್ಲಿ ಇನ್ನೊಬ್ಬಳ ಜೊತೆ ಗಾಣಕ್ಕೆ ಕಬ್ಬು ಕೊಡುತ್ತಿದ್ದವಳು.

"ಸಾ, ಇದು ನಮ್ಮ ಗಾಣ ನರಳ್ದಂಗೇ ನರಳ್ತದಲ್ಲ?"

"ಗಾಣಕ್ಕೂ ಇದಕ್ಕೂ ಏನಮ್ಮ ಸಂಬಂಧ?" ಎಂದೆ.

"ಇಬ್ರೂ ಒಟ್ಗೆ ಕಬ್ಬು ಕೊಟ್ರೆ ಇಂಜಿನ್ನು ಉಸ್ರು ಕಟ್ಕತದೆ. ಒಬ್ರುದ್ದು ಅರ್ಧ ನುಂಗಾದ್ ಮ್ಯಾಲೆ ಇನ್ನೊಬ್ರು ಕೊಡ್ಬೇಕು. ನೀವು ಎಲ್ಡು ಚಕ್ರಕ್ಕೂ ಒಂದೇ ಸಲ ತುರುಕ್ತಾ ಇದ್ದೀರಿ."

"ಸುಮ್ಕಿರೇ," ಎಂದಳು ಪಕ್ಕದವಳು, "ಅವ್ರು ಮಿಸನ್ನಲ್ಲೇ ಮುದುಕ್ರಾದೋರು."

"ಅದ್ಕೇ ಕಣೇ ಅವ್ರಿಗೆ ಕಾಣ್ನಿಲ್ಲ!"

ಎಲ್ಲರೂ ನಕ್ಕರು. ನಾನು ಚಕ್ರಗಳತ್ತ ಬಾಗಿದೆ. ಸರಿಯಾದ ಮಾತು! ನಾನು ಅಷ್ಟು ನೇರವಾಗಿ ಕೂರಿಸಿದ್ದರಿಂದಲೇ ಎರಡೂ ಚಕ್ರದ ಉರುಳೆಗಳು ಒಂದೇ ಕ್ಷಣ ಕೊಳವೆ ಕಚ್ಚುತ್ತಿದ್ದವು. ಭಾರವೆಲ್ಲ ಒಮ್ಮೆಲೇ ಮೋಟರಿನ ಮೇಲೆ, ಮರುಕ್ಷಣ ಏನೂ ಇಲ್ಲ.

ಎರಡನೆಯ ಚಕ್ರದ ತಿರುಪು ಸಡಿಲಿಸಿದೆ. ಮೊದಲ ಚಕ್ರದ ಎರಡು ಉರುಳೆಗಳ ನಟ್ಟನಡುವೆ ಇದರ ಒಂದು ಉರುಳೆ ಬರುವಂತೆ ತಿರುಗಿಸಿದೆ. ಈಗ ಒಂದು ಸುತ್ತಿನಲ್ಲಿ ಮೋಟರಿಗೆ ಮೂರು ದೊಡ್ಡ ಹೊಡೆತದ ಬದಲು ಆರು ಸಣ್ಣವು. ಅವಳೇ ಸ್ಪ್ಯಾನರ್ ತೆಗೆದುಕೊಂಡು ತಿರುಪು ಬಿಗಿದಳು.

ಸ್ವಿಚ್ ಒತ್ತಿದೆ. ಗುಂಯ್! ಒಂದೇ ದನಿ. ಕರೆಂಟು ಮೀಟರಿನ ಮುಳ್ಳು ಏರಿ ಒಂದೇ ಕಡೆ ನಿಂತಿತು. ಬಾಟಲಿಗಳಲ್ಲಿ ಔಷಧ ಗೆರೆಗೆ ಬಂದು ನಿಂತಿತು, ಒಂದರ ಹಿಂದೆ ಒಂದು. ನಾನು ಮಕ್ಕಳಂತೆ ಚಪ್ಪಾಳೆ ತಟ್ಟಿದೆ.

ಪರೀಕ್ಷಕರು ಮೂರಕ್ಕೇ ಬಂದರು. ಹತ್ತು ಬಾಟಲಿಗಳನ್ನು ಅಳತೆ ಗಾಜಿಗೆ ಸುರಿದು ನೋಡಿ, ನಂಬಿಕೆಯಾಗದೆ ಇನ್ನೂ ಹತ್ತು ಕೇಳಿದರು. ಎಲ್ಲವೂ ಸಮ.

"ಯಾರು ಹೊಂದಿಸಿದ್ದು?" ಎಂದರು.

ಯಜಮಾನ ನನ್ನತ್ತ ನೋಡಿದ. ನಾನು ಅವಳತ್ತ ಕೈ ತೋರಿಸಿದೆ.

"ಊಂ ಕಣ್ ಸಾ, ನಾನೇಯ," ಎಂದಳು ಅವಳು. "ಬ್ಯಾಗ ಸೈನ್ ಆಕ್ಬುಡಿ, ಬಾಟ್ಲಿ ತುಂಬೋ ಕೆಲ್ಸ ಅದೆ."

ಅವರು ಪೆನ್ನಿಗಾಗಿ ಜೇಬು ತಡಕುವಷ್ಟರಲ್ಲಿ ಅವಳು ಸ್ವಿಚ್ಚು ಒತ್ತಿಯಾಗಿತ್ತು.