ಬಾಡೂಟದ ದಿನ ಹಾಕಿದ ಪೋರ್ಟಿಕೋ

ನಮ್ಮ ಕಡೆ ಮನೆಗೆ ಮೋಲ್ಡು ಹಾಕುವುದೆಂದರೆ ಅರ್ಧ ಮದುವೆ. ತಾರಸಿಗೆ ಕಾಂಕ್ರೀಟು ಸುರಿಯುವ ದಿನ ಗಾರೆಯವರಿಗೆ ಬಾಡೂಟ ಹಾಕಬೇಕು. ಅವರ ನೆಪದಲ್ಲಿ ಬೀಗರು, ಭಾವಮೈದುನರು, ಪಂಚಾಯ್ತಿ ಮೆಂಬರು ಎಲ್ಲರೂ ಉಣ್ಣಬೇಕು. ಒಂದು ಗಂಟೆಗೆ ಎಲೆ ಹಾಕುವುದರಿಂದ ಅಷ್ಟರೊಳಗೆ ಕಾಂಕ್ರೀಟು ಮುಗಿಯಲೇಬೇಕು. ಸ್ಲ್ಯಾಬು ಬಿದ್ದರೂ ಚಿಂತೆಯಿಲ್ಲ, ಮುದ್ದೆ ಆರಬಾರದು.

ಕ್ಯಾತನಹಳ್ಳಿಯಲ್ಲಿ ನಮ್ಮ ದೊಡ್ಡಪ್ಪ ಹಳೇ ತೊಟ್ಟಿಮನೆ ಕೆಡವಿ ಹೊಸದು ಕಟ್ಟಿಸಿದಾಗ ಪ್ಲಾನು ಬರೆದವಳು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ, ಅದೂ ಸಿವಿಲ್. ಬೆಳಿಗ್ಗೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗಿ ಪಡೆದ ಡಿಗ್ರಿ. ‘ನಮ್ಮುಡ್ಗಿ ಇಂಜಿನಿಯರು’ ಎಂದು ದೊಡ್ಡಪ್ಪ ಊರಿಗೆಲ್ಲ ಸಾರಿದ್ದರು. ಆ ಇಂಜಿನಿಯರಿನ ಮಾತು ಕೇಳುವುದು ಮಾತ್ರ ಅವರಿಗೆ ಬೇಕಿರಲಿಲ್ಲ.

ಅವರಿಗೆ ಬೇಕಾಗಿದ್ದುದು ಕಂಬವಿಲ್ಲದ ಪೋರ್ಟಿಕೋ. ಪಾಂಡವಪುರದಲ್ಲಿ ಯಾರದೋ ಮನೆಯಲ್ಲಿ ನೋಡಿದ್ದರಂತೆ. ಹಾಗೆ ಗೋಡೆಯಿಂದ ಹೊರಗೆ ಚಾಚಿದ ಸ್ಲ್ಯಾಬಿಗೆ ಒಳಗಿನ ಕಬ್ಬಿಣದ ಕಂಬಿ ಮೇಲ್ಗಡೆ ಇರಬೇಕು. ಭಾರ ಬಿದ್ದಾಗ ಎಳೆತ ಬರುವುದು ಮೇಲೆ. ಕಂಬಿ ಕೆಳಗೆ ಕುಸಿದರೆ ಹಾಕಿದ್ದೂ ದಂಡ.

ಮೋಲ್ಡಿನ ದಿನ ನಾನು ಹತ್ತಿ ನೋಡುತ್ತೇನೆ, ಬೀಗರ ದಂಡು ಅದೇ ಕಂಬಿಯ ಮೇಲೆ ನಿಂತು ಕಬ್ಬಿನ ಗದ್ದೆ ನೋಡುತ್ತಿದೆ. ತುಳಿದ ತುಳಿತಕ್ಕೆ ಕಂಬಿ ಕೆಳಗಿನ ಹಲಗೆಗೆ ಅಂಟಿಕೊಂಡಿದೆ.

“ಮೇಸ್ತ್ರಿ, ನಿಲ್ಸಿ. ಕಂಬಿ ಮೇಲಕ್ಕೆತ್ತಿ ಕಟ್ಟಿ.”

“ಮೇಡಮ್ಮೋರೇ, ಅಡುಗೆಮನೆ ಕಟ್ಟೆ ಎಷ್ಟೆತ್ತರ ಅಂತ ಏಳಿ, ಕೇಳ್ತೀನಿ. ಮೋಲ್ಡು ನಂಗೆ ಬುಡಿ.”

“ಬುಡು ಮಗಾ, ಅವ್ನು ನೂರು ಮನೆ ಕಟ್ಟವ್ನೆ,” ಎಂದರು ದೊಡ್ಡಪ್ಪ. “ನೀನೆಷ್ಟು ಕಟ್ಟಿದ್ದೀಯೆ?”

ಕೆಳಗಿನಿಂದ ಒಬ್ಬ ಬೀಗ ಕೂಗಿದ: “ಒಟ್ಟೆ ತಾಳ ಆಕ್ತಾ ಅದೆ, ನೀರು ಉಯ್ದು ಬೇಗ ಮುಗಿಸ್ರಲಾ!”

ಹುಯ್ದರು. ಕಾಂಕ್ರೀಟು ಹುರುಳಿಕಟ್ಟಿನ ಹಾಗೆ ಹರಿಯಿತು. ನಾನೂ ಕೆಳಗಿಳಿದು ಉಂಡೆ. ಬಾಡಿನ ಸಾರಿಗೆ ಮಾತ್ರ ನೀರು ಹದವಾಗಿ ಬಿದ್ದಿತ್ತು. ಅಡುಗೆಯವನಿಗೆ ಯಾರೂ ಬುದ್ಧಿ ಹೇಳಿರಲಿಲ್ಲವಲ್ಲ.

ತಿಂಗಳಾದ ಮೇಲೆ ಸೆಂಟ್ರಿಂಗಿನ ಹಲಗೆ, ಕೋಲು ಎಲ್ಲ ಬಿಚ್ಚಿದರು. ಪೋರ್ಟಿಕೋ ತುದಿ ತೂಕಡಿಸುವವನ ತಲೆಯಂತೆ ಬಾಗಿತು, ಗೋಡೆಯ ಪಕ್ಕ ಮೇಲ್ಗಡೆ ಬೆರಳು ತೂರುವಷ್ಟು ಬಿರುಕು. “ಬಿಸ್ಲಿಗೆ ಅಂಗೆ ಬುಟ್ಕತದೆ,” ಎಂದ ಮೇಸ್ತ್ರಿ. ಆದರೆ ಅದರ ಕೆಳಗೆ ನಿಂತು ಹೇಳಲಿಲ್ಲ. ಕೋಲುಗಳನ್ನು ಮತ್ತೆ ಆನಿಕೆ ಕೊಡಿಸಿ, ‘ಒಡೆದು ಹೊಸದಾಗಿ ಹಾಕಿ’ ಎಂದೆ.

“ಒಡುದ್ರೆ ಊರು ನಗ್ತದೆ ಕಣವ್ವ,” ಎಂದರು ದೊಡ್ಡಪ್ಪ. “ಬ್ಯಾರೆ ಏನಾರ ಮಾಡು.”

ತೊಟ್ಟಿಮನೆಯ ಕಲ್ಲುಕಂಬಗಳು ಹಿತ್ತಲಲ್ಲಿ ಬಿದ್ದಿದ್ದವು, ಹಳೇ ಕಾಲದ್ದು ಎಂದು ಇವರೇ ಎಸೆದಿದ್ದು. ಪಾಯ ತೆಗೆಸಿ ಎರಡನ್ನು ಪೋರ್ಟಿಕೋ ತುದಿಗೆ ನಿಲ್ಲಿಸಿ, ಮೇಲೊಂದು ಕಬ್ಬಿಣದ ತೊಲೆ ಕೂರಿಸಿದೆ. ಎರಡೂ ಕಡೆ ಆಧಾರ ಸಿಕ್ಕ ಮೇಲೆ ಎಳೆತ ಬರುವುದು ಕೆಳಗೆ, ಕಂಬಿ ಕೆಳಗಿರುವುದೇ ಸರಿಯಾಯಿತು. ಮೇಸ್ತ್ರಿಯ ತಪ್ಪಿಗೆ ಹೊಂದುವಂತೆ ಮನೆಯನ್ನೇ ಬದಲಿಸಿದ್ದೆ.

ಗೃಹಪ್ರವೇಶಕ್ಕೆ ಬಂದವರೆಲ್ಲ ಕಂಬ ಸವರಿ ಹೊಗಳಿದರು. “ಕಲ್ಕಂಬ ಇಲ್ದಿದ್ರೆ ಮನೆಗೆ ಲಕ್ಷಣ ಇಲ್ಲ ಕಣ್ರೋ. ನಮ್ ಮೇಸ್ತ್ರಿ ಐಡಿಯಾ,” ಎಂದರು ದೊಡ್ಡಪ್ಪ. ಮೇಸ್ತ್ರಿ ಎಲೆಅಡಿಕೆ ಅಗಿಯುತ್ತ ತಲೆಯಾಡಿಸಿದ.

ಮೊನ್ನೆ ಅವನೇ ಫೋನ್ ಮಾಡಿದ್ದ, ಸಿಂಧಘಟ್ಟದಲ್ಲಿ ಇನ್ನೊಂದು ಪೋರ್ಟಿಕೋ. “ಬಂದು ಕಂಬಿ ನೋಡ್ಬುಟ್ಟು ಓಗಿ ಮೇಡಮ್ಮೋರೇ,” ಎಂದ. ದನಿಯಲ್ಲಿ ಅಡುಗೆಮನೆ ಕಟ್ಟೆ ಇರಲಿಲ್ಲ.

“ಊಟ ಎಷ್ಟೊತ್ತಿಗೆ?” ಎಂದು ಕೇಳಿದೆ.

“ಒಂದ್ ಗಂಟೆಗೆ.”

“ಹಾಗಾದರೆ ಎರಡು ಕಲ್ಲುಕಂಬವನ್ನೂ ಈಗಲೇ ಹುಡುಕಿಟ್ಟುಕೋ,” ಎಂದೆ.