ಗಾಳಿಯಾಡಲಿ ಎಂದವರು ಯಾರು

ಸರ್ವರ್ ಕೋಣೆಯ ಚಳಿಗೆ ಸ್ವೆಟರ್ ತೊಟ್ಟು, ಫ್ಯಾನುಗಳ ಆರ್ಭಟಕ್ಕೆ ಕಿವಿಯಲ್ಲಿ ಹತ್ತಿ ತುರುಕಿಕೊಂಡು ಅವಳು ಕೆಲಸ ಮಾಡುತ್ತಿದ್ದಳು. ಯಂತ್ರಗಳನ್ನು ಬಿಚ್ಚುವುದು, ಜೋಡಿಸುವುದು ಅವಳ ಪಾಲಿನ ಕೆಲಸ. ಅದನ್ನು ಕೊಡಿಸಿದವನು ಅಕ್ಕನ ಗಂಡ, ಅಲ್ಲಿಯ ಸೂಪರ್‌ವೈಸರ್. ಮನೆಯಲ್ಲಿ ಭಾವ, ಕೆಲಸದಲ್ಲಿ ಸಾರ್. ಒಮ್ಮೆ ಕ್ಯಾಂಟೀನಿನಲ್ಲಿ ಎಲ್ಲರೆದುರು, ‘ಸಾರ್, ಬರ್ತಾ ಬಟ್ಟೆ ಸೋಪು ತರಬೇಕಂತೆ, ಅಕ್ಕ ಹೇಳಿದ್ಲು’ ಎಂದುಬಿಟ್ಟಿದ್ದಳು. ಅಂದಿನಿಂದ ಭಾವನಿಗೆ ‘ಸೋಪು ಸಾರ್’ ಎಂದೇ ಹೆಸರು.

ಸರ್ವರ್ ಪೆಟ್ಟಿಗೆಗಳೊಳಗೆ ಕೂರಿಸಲು ಹೊಸ ಎಫ್‌ಪಿಜಿಎ ಕಾರ್ಡುಗಳು ಬಂದವು. ಭಾರೀ ಲೆಕ್ಕಗಳನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸುವಂಥವು, ಇಸ್ತ್ರಿಪೆಟ್ಟಿಗೆಯ ಹಾಗೆ ಕಾಯುವಂಥವು. ಅವಕ್ಕೆ ಸ್ವಂತ ಫ್ಯಾನಿಲ್ಲ. ಸರ್ವರಿನ ಫ್ಯಾನುಗಳು ತಳ್ಳುವ ಗಾಳಿ ಅವುಗಳ ಲೋಹದ ಪದರಗಳ ನಡುವೆ ನುಗ್ಗಿದರಷ್ಟೇ ತಂಪು. ಅಕ್ಕಪಕ್ಕದ ಖಾಲಿ ಜಾಗಗಳಿಗೆ ತಗಡಿನ ಮುಚ್ಚಳ ಹಾಕುವುದು ಅದಕ್ಕೇ: ಗಾಳಿ ಸುಲಭದ ದಾರಿ ಹಿಡಿದು ಪರಾರಿಯಾಗಬಾರದು.

ಮೊದಲ ದಿನವೇ ಕಾರ್ಡುಗಳು ಮಿತಿಮೀರಿ ಕಾದವು. ಭಾವ ಅವಳ ಕಿವಿಯ ಹತ್ತಿರ ಬಂದು ಕೂಗಿದ: “ಮುಚ್ಚಳ ಎಲ್ಲಾ ತೆಗೆದುಬಿಡು. ಸ್ವಲ್ಪ ಗಾಳಿಯಾಡಲಿ.”

ಸೆಕೆಯಾದರೆ ಕಿಟಕಿ ತೆರೆಯುವವರು ನಾವು. ಅವಳಿಗೂ ಸರಿಯೆನಿಸಿತು, ತೆಗೆದಳು. ಗಾಳಿ ಆಡಿತು, ಖಾಲಿ ಜಾಗದಲ್ಲಿ ಮಾತ್ರ. ಕಾರ್ಡಿನತ್ತ ಸುಳಿಯಲೂ ಇಲ್ಲ. ಒಂದೊಂದಾಗಿ ಕಾರ್ಡುಗಳು ಕಾದು ಬಂದ್ ಆದವು. ಒಂದು ಮತ್ತೆ ಏಳಲೇ ಇಲ್ಲ.

ಮೇಲಿನವರು ಸಭೆ ಕರೆದರು. ಇಷ್ಟು ಉರಿಯುವ ಕಾರ್ಡನ್ನು ಆ ಹಳೆಯ ಪೆಟ್ಟಿಗೆಗೆ ತುರುಕಿ ಎಂದವರು ಯಾರು? ಅದರ ಫ್ಯಾನುಗಳಿಗೆ ಅಷ್ಟು ತಾಕತ್ತಿದೆಯೇ ಎಂದು ನೋಡಿದವರು ಯಾರು? ಈ ಪ್ರಶ್ನೆಗಳು ಯಾರ ಬಾಯಲ್ಲೂ ಬರಲಿಲ್ಲ. ಕೇಳಬೇಕಾದವರೇ ಖರೀದಿಗೆ ಒಪ್ಪಿಗೆ ಕೊಟ್ಟಿದ್ದರಲ್ಲ! ಮುಚ್ಚಳ ತೆಗೆದದ್ದು ಯಾರು ಎಂದಷ್ಟೇ ಕೇಳಿದರು.

ನಾನೇ, ಹೇಳಿದ್ದಕ್ಕೆ ತೆಗೆದೆ ಎಂದಳು. ಹೇಳಿದ್ದು ಯಾರು ಎಂದರು. ಹೆಸರು ಹೇಳಿದರೆ ಅಕ್ಕನ ಮನೆಯ ಅನ್ನಕ್ಕೆ ಕಲ್ಲು, ಹೇಳದಿದ್ದರೆ ತನ್ನದಕ್ಕೆ. ಅವಳು ಭಾವನ ಕಡೆ ನೋಡಿದಳು. ಅವನು ನೀರಿನ ಬಾಟಲಿಯ ಚೀಟಿ ಕೀಳುತ್ತಿದ್ದ.

“ಆ ಗದ್ದಲದಲ್ಲಿ ಏನು ಕೇಳಿಸ್ಕೊಂಡ್ಲೋ ಏನೋ,” ಎಂದ.

ಅವಳು ಹೆಸರು ಹೇಳಲಿಲ್ಲ. ಅಂದೇ ಅವಳ ಗುರುತಿನ ಕಾರ್ಡು ಕಸಿದುಕೊಂಡರು.

ಸಂಜೆ ಅಕ್ಕನ ಮನೆಯಲ್ಲಿ ಮೂವರೂ ಊಟಕ್ಕೆ ಕೂತರು. ಇನ್ನೊಮ್ಮೆ ಕೇಳಿ ತೆಗೆಯಬಾರದಿತ್ತೇನೆ ಎಂದು ಅಕ್ಕ ಗದರಿದಳು. ಭಾವನ ತುತ್ತು ಕೈಯಲ್ಲೇ ನಿಂತಿತು.

“ಅವಳನ್ನ ಬೈಬೇಡ ಕಣೆ. ತೆಗಿ ಅಂದೋನು ನಾನೇ.”

“ನಂಗೆ ಗೊತ್ತಿರೋದನ್ನ ಇಲ್ಲಿ ಯಾಕೆ ಹೇಳ್ತೀರಾ ಭಾವ?” ಎಂದಳು ಇವಳು. “ಅಲ್ಲಿ ಹೇಳಿ.”

ಅಕ್ಕ ಗಂಡನ ಮುಖ ನೋಡಿದಳು. ಅವನು ಅನ್ನ ಕಲಸತೊಡಗಿದ.

ಮರುದಿನ ಕೆಲಸಕ್ಕೆ ಹೋದ, ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಅವಳು ಕೆಲಸ ಹುಡುಕುತ್ತಿದ್ದಾಳೆ. ಹಿಂದಿನ ಕೆಲಸ ಯಾಕೆ ಹೋಯಿತು ಎಂದು ಹೋದಲ್ಲೆಲ್ಲ ಕೇಳುತ್ತಾರೆ. ನನ್ನ ಕೈಯಲ್ಲಿ ಒಂದು ಕಾರ್ಡು ಸುಟ್ಟುಹೋಯಿತು ಎನ್ನುತ್ತಾಳೆ. ಆಮೇಲೆ ತಿಳಿಸುತ್ತೇವೆ ಎಂದು ಕಳಿಸುತ್ತಾರೆ.